ಕಂಚಿನ ಕುದುರೆಯ ಬ್ಯಾರನ್

2020ರ ಜೂನ್ ತಿಂಗಳು. ಊರೆಲ್ಲ ಕೊರೊನಾ ಗಾಬರಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. ಆ ಹೊತ್ತಿನಲ್ಲಿ ಬೆಂಗಳೂರಿನ ಹೈಕೋರ್ಟ್ ಆವರಣದಲ್ಲಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು ಎತ್ತಿಕೊಂಡು ಹೋಗಿ ಕಬ್ಬನ್ ಪಾರ್ಕಿನೊಳಗೆ, ಬ್ಯಾಂಡ್‌ಸ್ಟ್ಯಾಂಡ್ ಕಡೆಗೆ ಇಟ್ಟರು. ಆಮೇಲೆ ನಡೆದದ್ದು ನಮಗೆಲ್ಲ ಗೊತ್ತಿರುವ ಜಗಳವೇ. ಬ್ರಿಟಿಷ್ ಅಧಿಕಾರಿಯ ಪ್ರತಿಮೆ ನಮಗ್ಯಾಕೆ ಎಂದವರು ಕೆಲವರು, ಊರಿನ ಇತಿಹಾಸಕ್ಕೆ ಕೈ ಹಾಕಬೇಡಿ ಎಂದವರು ಕೆಲವರು. ಕಬ್ಬನ್ ಒಳ್ಳೆಯವನೋ ಕೆಟ್ಟವನೋ ಎಂಬುದರ ಸುತ್ತ ಪುಟಗಟ್ಟಲೆ ಬರೆದರು. ಆ ಕುದುರೆಯನ್ನು ಮಾಡಿದ ಕೈ ಯಾರದು ಎಂದು ಮಾತ್ರ ಯಾರೂ ಕೇಳಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ವರ್ಷ ಅದೇ ದಾರಿಯಲ್ಲಿ ಓಡಾಡಿದ ನಾನೂ ಕೇಳಿದವನಲ್ಲ.

ಆ ಕೈ ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿದ ಕಾರ್ಲೊ ಮರೊಕೆಟ್ಟಿಯದು. ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ಕತ್ತಿ ಎತ್ತಿ ನಿಂತ ರಿಚರ್ಡ್ ದೊರೆ, ಪ್ಯಾರಿಸ್ಸಿನ ಮ್ಯಾಡ್ಲೆನ್ ಚರ್ಚಿನ ಬಲಿಪೀಠ, ಗ್ಲಾಸ್ಗೋದಲ್ಲಿ ತಲೆ ಮೇಲೆ ಟ್ರಾಫಿಕ್ ಕೋನ್ ಹೊತ್ತು ಕೂತ ವೆಲಿಂಗ್ಟನ್, ಕಾನ್ಪುರದ ದೇವದೂತೆ, ಮುಂಬೈಯ ಜಮ್ಷೆಡ್ಜಿ ಜೀಜೀಬಾಯ್, ಬೆಂಗಳೂರಿನ ಕಬ್ಬನ್, ಎಲ್ಲವೂ ಇವನವೇ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಯಾವುದೇ ದೊರೆಗೆ ಕುದುರೆ ಮೇಲೆ ಕೂತ ಪ್ರತಿಮೆ ಬೇಕಾದರೆ ಮೊದಲು ನೆನಪಾಗುತ್ತಿದ್ದ ಕೆಲವೇ ಹೆಸರುಗಳಲ್ಲಿ ಇವನದೂ ಒಂದು. ಪೀಠದ ಮೇಲೆ ಕೂತವರ ಹೆಸರು ಉಳಿಯಿತು, ಕೂರಿಸಿದವನದು ಅಳಿಸಿಹೋಯಿತು.

ಹುಟ್ಟಿದ್ದು 1805ರಲ್ಲಿ. ಆಗ ಟ್ಯೂರಿನ್ ನೆಪೋಲಿಯನ್‌ನ ಫ್ರಾನ್ಸಿಗೆ ಸೇರಿತ್ತು. ಅಪ್ಪ ವಕೀಲ, ಫ್ರೆಂಚ್ ಆಡಳಿತದ ಜೊತೆಗಿದ್ದವನು. ಮನೆಯವರು ಪ್ಯಾರಿಸ್ಸಿಗೆ ಹೋದರು, ಮಗು ಅಲ್ಲೇ ಬೆಳೆಯಿತು. ಹೀಗಾಗಿ ಇವನನ್ನು ಇಟಲಿಯವನು ಎನ್ನಬೇಕೋ ಫ್ರೆಂಚನೆನ್ನಬೇಕೋ ಎಂಬ ತಕರಾರು ಅವನ ಕಾಲದಲ್ಲೇ ಇತ್ತು. ಪ್ಯಾರಿಸ್ಸಿನವರಿಗೆ ಅವನು ಇಟಲಿಯವನು, ಲಂಡನ್ನಿನವರಿಗೆ ಫ್ರಾನ್ಸಿನಿಂದ ಬಂದವನು, ಟ್ಯೂರಿನ್ನಿಗೆ ಮಾತ್ರ ನಮ್ಮ ಹುಡುಗ. ಕೆಲಸ ಕೈಗೆ ಬರುವ ಹೊತ್ತಿಗೆಲ್ಲ ಈ ತಕರಾರು ಎದ್ದು ಕೂರುತ್ತಿತ್ತು.

ಕಲಿತದ್ದು ಪ್ಯಾರಿಸ್ಸಿನ ಲಲಿತಕಲಾ ಶಾಲೆಯಲ್ಲಿ, ಶಿಲ್ಪಿ ಬೋಸಿಯೊ ಮತ್ತು ಚಿತ್ರಕಾರ ಗ್ರೋ ಬಳಿ. ಅಕಾಡೆಮಿಕ್ ಶಿಲ್ಪ ಎಂದರೆ ಇಂದಿನ ಕಲಾವಿದರಲ್ಲಿ ಹಲವರು ಮೂಗು ಮುರಿಯುತ್ತಾರೆ. ಆದರೆ ಆ ಶಿಕ್ಷಣದ ಕಟ್ಟುನಿಟ್ಟು ಸಣ್ಣದಲ್ಲ. ಮೊದಲು ಮುದ್ರಿತ ಚಿತ್ರಗಳನ್ನು ನೋಡಿ ಬರೆಯಬೇಕು. ಕೈ ಕುದುರಿದ ಮೇಲೆ ಗ್ರೀಕ್-ರೋಮನ್ ಶಿಲ್ಪಗಳ ಪ್ಲಾಸ್ಟರ್ ಪ್ರತಿಗಳನ್ನು ನೋಡಿ ಬರೆಯಬೇಕು. ಅದಾದ ಮೇಲೆಯೇ ಎದುರಿಗೆ ಜೀವಂತ ಮನುಷ್ಯ. ಮಣ್ಣಿಗೆ ಕೈ ಹಾಕುವಷ್ಟರಲ್ಲಿ ವಿದ್ಯಾರ್ಥಿಯ ಕಣ್ಣಿನೊಳಗೆ ಹಳೆಯ ಶಿಲ್ಪಗಳ ಅಳತೆ ಕೂತುಬಿಟ್ಟಿರುತ್ತಿತ್ತು. ನಮ್ಮ ಶಿಲ್ಪಿಗಳು ತಾಳದ ಲೆಕ್ಕದಲ್ಲಿ ಮೂರ್ತಿಯ ಅಳತೆ ಹಿಡಿಯುವಂತೆ ಇವರದು ಇನ್ನೊಂದು ಬಗೆಯ ಲೆಕ್ಕ. ಈ ಓದಿನ ತುದಿಯಲ್ಲಿ ಒಂದು ದೊಡ್ಡ ಬಹುಮಾನ, ಗೆದ್ದವರಿಗೆ ಸರ್ಕಾರದ ಖರ್ಚಿನಲ್ಲಿ ರೋಮ್ ವಾಸ. ಮರೊಕೆಟ್ಟಿಗೆ ಅದು ಸಿಗಲಿಲ್ಲ. ಕೈಯಲ್ಲಿ ದುಡ್ಡಿತ್ತು, ಸ್ವಂತ ಖರ್ಚಿನಲ್ಲೇ ರೋಮಿಗೆ ಹೋದ. 1820ರ ದಶಕದ ಕೊನೆಗೆ ನಾಯಿಯೊಂದಿಗೆ ಆಡುವ ಹುಡುಗಿಯ ಶಿಲ್ಪಕ್ಕೆ ಪ್ಯಾರಿಸ್ಸಿನಲ್ಲಿ ಪದಕ ಬಂತು.

ಹೆಸರು ಬಂದದ್ದು ಮಾತ್ರ ಕುದುರೆಯಿಂದ.

ಟ್ಯೂರಿನ್ನಿನ ಸಾನ್ ಕಾರ್ಲೊ ಚೌಕದ ನಡುವೆ ಇಮ್ಯಾನುಯೆಲೆ ಫಿಲಿಬರ್ಟೊ ಎಂಬ ಸವೊಯ್ ದೊರೆಯ ಕಂಚಿನ ಪ್ರತಿಮೆ ಇದೆ. 1838ರಲ್ಲಿ ಅನಾವರಣಗೊಂಡದ್ದು. ಊರಿನವರು ತಮ್ಮ ಪಿಯೆಮೊಂಟೆ ಮಾತಿನಲ್ಲಿ ಅದನ್ನು ಕಾವಲ್ ದ ಬ್ರೋನ್ಸ್, ಅಂದರೆ ಕಂಚಿನ ಕುದುರೆ, ಎಂದಷ್ಟೇ ಕರೆಯುತ್ತಾರೆ. ದೊರೆಯ ಹೆಸರು ಎತ್ತುವುದಿಲ್ಲ. ಈ ಫಿಲಿಬರ್ಟೊ 1557ರಲ್ಲಿ ಸೇಂಟ್ ಕ್ವೆಂಟಿನ್ ಯುದ್ಧದಲ್ಲಿ ಸ್ಪೇನಿನ ಸೇನಾಪತಿಯಾಗಿ ಫ್ರೆಂಚರನ್ನು ಮಣ್ಣುಮುಕ್ಕಿಸಿದವನು. ಎರಡು ವರ್ಷದ ಬಳಿಕ ಆದ ಒಪ್ಪಂದದಲ್ಲಿ ಕಳೆದುಕೊಂಡಿದ್ದ ರಾಜ್ಯ ಮರಳಿ ಸಿಕ್ಕಿತು.

ಗೆದ್ದ ದೊರೆಯನ್ನು ಹೇಗೆ ಕೂರಿಸುವುದು? ಕತ್ತಿ ಮೇಲೆತ್ತಿ, ಕುದುರೆಯನ್ನು ಹಿಂಗಾಲಿನ ಮೇಲೆ ನಿಲ್ಲಿಸಿ, ಮುಂದೆ ನುಗ್ಗಿಸಿ ಎಂದು ಯಾರಾದರೂ ಹೇಳಿಯಾರು. ಮರೊಕೆಟ್ಟಿ ಹಾಗೆ ಮಾಡಲಿಲ್ಲ. ಯುದ್ಧ ಮುಗಿದ ಗಳಿಗೆಯನ್ನು ಹಿಡಿದ. ದೊರೆ ಲಗಾಮು ಎಳೆದು ಕುದುರೆಯನ್ನು ತಡೆಯುತ್ತಿದ್ದಾನೆ. ಓಟದ ಬಿಸಿ ಇನ್ನೂ ಆರದ ಕುದುರೆ ಕತ್ತು ಬಾಗಿಸಿ ನಿಂತಿದೆ. ಬಲಗೈ ಕತ್ತಿಯನ್ನು ಒರೆಗೆ ತಳ್ಳುತ್ತಿದೆ. ಒಂದು ಕೈಯಲ್ಲಿ ಪ್ರಾಣಿಯ ರಭಸ, ಇನ್ನೊಂದರಲ್ಲಿ ತನ್ನದೇ ರಭಸ, ಎರಡನ್ನೂ ಒಟ್ಟಿಗೆ ಅಡಗಿಸುತ್ತಿರುವ ಮನುಷ್ಯ. ಕತ್ತಿ ಎಳೆಯುವುದಕ್ಕೆ ಕಣ್ಣು ಬೇಡ, ಒರೆಗೆ ಹಾಕುವಾಗ ಬೇಕು. ಶಸ್ತ್ರ ಹಿಡಿದವರ ಮೈಯ ಭಾಷೆಯನ್ನು ಇಷ್ಟು ಹತ್ತಿರದಿಂದ ಓದಿದ ಮೇಲೆ ಅಕಾಡೆಮಿ ಎಂದರೆ ಬರೀ ನಕಲು ಎನ್ನುವ ಮಾತು ನನಗೆ ರುಚಿಸುವುದಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಫ್ರೆಂಚರನ್ನು ಸೋಲಿಸಿದ ದೊರೆಯ ಈ ಪ್ರತಿಮೆ ಟ್ಯೂರಿನ್ನಿಗೆ ಹೊರಡುವ ಮೊದಲು ಪ್ಯಾರಿಸ್ಸಿನ ಲೂವ್ರ್ ಅಂಗಳದಲ್ಲೇ ಪ್ರದರ್ಶನಕ್ಕೆ ನಿಂತಿತ್ತು. ಫ್ರೆಂಚರು ಬಂದು ನೋಡಿ ಮೆಚ್ಚಿದರು. ಸಾರ್ಡಿನಿಯಾದ ಅರಸ ಕಾರ್ಲೊ ಆಲ್ಬರ್ಟೊ ಕಡೆಯಿಂದ ಶಿಲ್ಪಿಗೆ ಬ್ಯಾರನ್ ಪಟ್ಟ ಸಿಕ್ಕಿತು.

ಪ್ಯಾರಿಸ್ಸಿನಲ್ಲಿ ಆಮೇಲಿನದು ಒಳ್ಳೆಯ ದಿನಗಳೇ. ವಿಜಯದ್ವಾರದ ಮೇಲೆ ಜೆಮಾಪ್ ಯುದ್ಧದ ಉಬ್ಬುಶಿಲ್ಪ ಅದಾಗಲೇ ಮುಗಿದಿತ್ತು. ಮ್ಯಾಡ್ಲೆನ್ ಚರ್ಚಿನ ಬಲಿಪೀಠಕ್ಕೆ ಮರಿಯಾ ಮಗ್ದಲೇನಳನ್ನು ದೇವದೂತರು ಮೇಲಕ್ಕೊಯ್ಯುವ ಅಮೃತಶಿಲೆಯ ಗುಂಪು ಬಂತು. ಲೂಯಿ ಫಿಲಿಪ್ ದೊರೆಯ ಆಸ್ಥಾನದಲ್ಲಿ ಆದರವಿತ್ತು, 1841ರಲ್ಲಿ ಫ್ರೆಂಚ್ ಪೌರತ್ವವೂ ಸಿಕ್ಕಿತು. ನೆಪೋಲಿಯನ್‌ನ ಸಮಾಧಿ ಕಟ್ಟುವ ಕೆಲಸ ಕೈಗೆ ಬಂದಾಗ ಮಾತ್ರ ಊರಿಗೆ ಊರೇ ಎದ್ದಿತು. ಸ್ಪರ್ಧೆಯಿಲ್ಲದೆ, ಅದೂ ಹೊರಗಿನಿಂದ ಬಂದವನಿಗೆ, ಚಕ್ರವರ್ತಿಯ ಸಮಾಧಿಯೇ? ಕೊನೆಗೆ ಆ ಕೆಲಸ ವಿಸ್ಕೊಂಟಿ ಎಂಬ ವಾಸ್ತುಶಿಲ್ಪಿಯ ಪಾಲಾಯಿತು. ಅವನ ಮನೆತನದ ಬೇರೂ ಇಟಲಿಯದೇ ಎಂಬುದು ಬೇರೆ ಮಾತು. 1848ರ ಕ್ರಾಂತಿಯಲ್ಲಿ ಲೂಯಿ ಫಿಲಿಪ್ ಲಂಡನ್ನಿಗೆ ಓಡಿದ. ಹಿಂದೆಯೇ ಮರೊಕೆಟ್ಟಿಯೂ ಹೋದ.

ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಗೂ ಗಂಡ ಆಲ್ಬರ್ಟನಿಗೂ ಇವನು ಬಲು ಬೇಗ ಹಿಡಿಸಿದ. ಅಲ್ಲಿನ ಶಿಲ್ಪಿಗಳಿಗೆ ಅಷ್ಟೇ ಬೇಗ ಕಣ್ಣುಕಿಸುರಾದ. 1851ರ ಮಹಾ ವಸ್ತುಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೆಸ್ಸಿನ ಹೊರಗೆ ಸಿಂಹಹೃದಯ ರಿಚರ್ಡನ ಭಾರೀ ಕುದುರೆ ಪ್ರತಿಮೆಯ ಮಾದರಿಯನ್ನು ನಿಲ್ಲಿಸಿದ. ಜನ ಮೆಚ್ಚಿದರು. ಸ್ವಲ್ಪ ದಿನಕ್ಕೆ ಕುದುರೆಯ ಬಾಲ ಕಳಚಿ ಬಿತ್ತು. ಆಗದವರ ಪಾಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇದ್ದೀತೆ! ಅದೇನೇ ಇರಲಿ, ಜನರ ಚಂದಾ ಹಣದಲ್ಲಿ ಕಂಚಿನ ಪ್ರತಿಮೆ ಎರಕವಾಯಿತು, 1860ರಲ್ಲಿ ಪಾರ್ಲಿಮೆಂಟಿನ ಪಕ್ಕದ ಅಂಗಳದಲ್ಲಿ ನಿಂತಿತು. 1940ರಲ್ಲಿ ಜರ್ಮನರ ಬಾಂಬು ಹತ್ತಿರದಲ್ಲೇ ಬಿದ್ದಾಗ ರಿಚರ್ಡ್ ಎತ್ತಿ ಹಿಡಿದ ಕತ್ತಿ ಬಾಗಿತು, ಮುರಿಯಲಿಲ್ಲ. ಹಾಗೇ ಬಿಡಿ, ಬಾಗಿದರೂ ಮುರಿಯದ ಪ್ರಜಾಪ್ರಭುತ್ವದ ಗುರುತಾಗಿ ಇರಲಿ ಎಂದು ಕೆಲವರು ಕೇಳಿಕೊಂಡರು. 1947ರಲ್ಲಿ ನೆಟ್ಟಗೆ ಮಾಡಿದರು.

ದೊಡ್ಡ ಕಂಚಿನ ಕುದುರೆ ಮಾಡುವುದು ಕಲೆಯಷ್ಟೇ ಕುಲುಮೆಯ ಕೆಲಸ. ಮೊದಲು ಕಬ್ಬಿಣದ ಸರಳುಗಳ ಹಂದರ, ಅದರ ಮೇಲೆ ಟನ್‌ಗಟ್ಟಲೆ ಜೇಡಿಮಣ್ಣು. ತಿಂಗಳುಗಟ್ಟಲೆ ಒದ್ದೆ ಬಟ್ಟೆ ಸುತ್ತಿ ಒಣಗದಂತೆ ಕಾಯಬೇಕು. ಮಣ್ಣಿನ ರೂಪ ಮುಗಿದ ಮೇಲೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಅದರಿಂದ ಪ್ಲಾಸ್ಟರ್ ಪ್ರತಿ ಮಾಡಿ, ಅದನ್ನು ತುಂಡು ತುಂಡಾಗಿ ಎರಕಕ್ಕೆ ಕಳಿಸಬೇಕು. ಕಂಚು ಒಳಗೆ ಟೊಳ್ಳು. ಹೊಟ್ಟೆ ಮತ್ತು ಸವಾರನ ಭಾರವೆಲ್ಲ ಸಣಕಲು ಕಾಲುಗಳ ಮೇಲೆ ಇಳಿಯುವುದರಿಂದ ಲೆಕ್ಕ ತಪ್ಪಿದರೆ ಕುದುರೆ ಕುಸಿಯುತ್ತದೆ. ಬೆಸೆದ ಕಡೆಯಲ್ಲಿ ಗೆರೆ ಕಾಣದಂತೆ ಉಳಿ, ಅರದಿಂದ ತೀಡಬೇಕು. ಹೆಚ್ಚಿನ ಶಿಲ್ಪಿಗಳು ಮಣ್ಣಿನ ಕೆಲಸ ಮುಗಿಸಿ ಉಳಿದದ್ದನ್ನು ಎರಕದವರ ಮೇಲೆ ಬಿಡುತ್ತಿದ್ದರು. ಮರೊಕೆಟ್ಟಿ ಆನ್ಸ್ಲೊ ಚೌಕದ ತನ್ನ ಮನೆಯ ಹಿಂದೆಯೇ ಸ್ಟುಡಿಯೊ, ಅದರ ಜೊತೆಗೆ ಸ್ವಂತ ಎರಕದ ಮನೆ ಇಟ್ಟುಕೊಂಡಿದ್ದ. ಕಾದಂಬರಿಕಾರ ಥ್ಯಾಕರೆ ಅದೇ ಚೌಕದ ನೆರೆಯವನು.

ಟ್ರಫಾಲ್ಗರ್ ಚೌಕದ ನಾಲ್ಕು ಸಿಂಹಗಳು ಹುಟ್ಟಿದ್ದು ಇಲ್ಲೇ. ರೂಪ ಕೊಟ್ಟವನು ಪ್ರಾಣಿಗಳ ಚಿತ್ರಕ್ಕೆ ಹೆಸರಾದ ಲ್ಯಾಂಡ್ಸಿಯರ್. 1858ರಲ್ಲಿ ಕೆಲಸ ಒಪ್ಪಿಕೊಂಡಾಗ ಅವನು ಶಿಲ್ಪಿಯೇ ಅಲ್ಲ, ಬರೀ ಚಿತ್ರಕಾರ. ಮೃಗಾಲಯದಿಂದ ಸತ್ತ ಸಿಂಹವೊಂದನ್ನು ತರಿಸಿಕೊಂಡು ನೋಡುತ್ತ ಕೂತ, ಕೆಲಸ ಮುಗಿಯುವ ಮೊದಲೇ ಅದು ಕೊಳೆತು ನಾರತೊಡಗಿತು ಎನ್ನುತ್ತಾರೆ. ಮರೊಕೆಟ್ಟಿಯ ಸ್ಟುಡಿಯೊದಲ್ಲಿ ಮಾದರಿ ತಯಾರಾಗಿ, ಮರೊಕೆಟ್ಟಿಯ ಕೈಕೆಳಗೆ ಎರಕವಾಗಿ 1867ರ ಜನವರಿಯಲ್ಲಿ ಸಿಂಹಗಳು ಬಂದವು. ನೆಲ್ಸನ್ ಕಂಬದ ಮೇಲೆ ಒಬ್ಬನೇ ನಿಂತು ಆಗಲೇ ಇಪ್ಪತ್ತು ವರ್ಷದ ಮೇಲಾಗಿತ್ತು. ಇಂದು ಆ ಸಿಂಹದ ಬೆನ್ನೇರಿ ಫೋಟೊ ತೆಗೆಸಿಕೊಳ್ಳುವವರಿಗೆ ಲ್ಯಾಂಡ್ಸಿಯರ್ ಹೆಸರಾದರೂ ಗೊತ್ತಿರಬಹುದು, ಎರಕದವನದು ಕೇಳಬೇಡಿ.

ಗ್ಲಾಸ್ಗೋದ ಕಥೆಯೇ ಬೇರೆ. ಅಲ್ಲಿ 1844ರಲ್ಲಿ ನಿಲ್ಲಿಸಿದ ವೆಲಿಂಗ್ಟನ್ ಪ್ರತಿಮೆ ಇದೆ, ಕೆಳಗಿನ ಉಬ್ಬುಶಿಲ್ಪಗಳಲ್ಲಿ ವಾಟರ್ಲೂ ಜೊತೆಗೆ ಮರಾಠರ ವಿರುದ್ಧದ ಅಸ್ಸಾಯೆ ಯುದ್ಧವೂ ಇದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. 1980ರ ದಶಕದಿಂದೀಚೆಗೆ ರಾತ್ರಿ ಹೊತ್ತು ಯಾರೋ ಹತ್ತಿ ಅವನ ತಲೆಗೆ ಟ್ರಾಫಿಕ್ ಕೋನ್ ತೊಡಿಸಿ ಹೋಗುತ್ತಾರೆ. ತೆಗೆದರೆ ಮತ್ತೆ ಬರುತ್ತದೆ. 2013ರಲ್ಲಿ ಪೀಠವನ್ನೇ ಎತ್ತರಿಸಿಬಿಡೋಣ ಎಂದು ನಗರಸಭೆ ಹೊರಟಾಗ ಸಾವಿರಾರು ಜನ ಸಹಿ ಹಾಕಿ ವಿರೋಧಿಸಿದರು, ಯೋಜನೆ ಕೈಬಿಟ್ಟರು. ಒಮ್ಮೆ ಈ ಕೆಲಸವನ್ನು ಹೊರದೇಶದವನಿಗೆ ಕೊಡಬೇಡಿ ಎಂದು ಜಗಳವಾಡಿದ್ದ ಊರು, ಈಗ ಆ ಹೊರದೇಶದವನ ಪ್ರತಿಮೆಗೆ ಟೋಪಿ ಹಾಕಿ ಅದನ್ನು ತನ್ನದಾಗಿಸಿಕೊಂಡಿದೆ.

ಭಾರತಕ್ಕೆ ಸಂಬಂಧಿಸಿದ ಅವನ ಕೆಲಸಗಳಲ್ಲಿ ಹೆಚ್ಚು ಮಾತಿಗೆ ಬಂದದ್ದು ಕಾನ್ಪುರದ್ದು. 1857ರ ದಂಗೆಯಲ್ಲಿ ಬೀಬಿಘರ್‌ನಲ್ಲಿ ಕೊಲೆಯಾದ ಇಂಗ್ಲಿಷ್ ಹೆಂಗಸರು, ಮಕ್ಕಳ ಶವಗಳನ್ನು ಹಾಕಿದ್ದ ಬಾವಿಯ ಮೇಲೆ ಅಮೃತಶಿಲೆಯ ದೇವದೂತೆ ನಿಂತಳು. ಎದೆಯ ಮೇಲೆ ಅಡ್ಡಡ್ಡ ಮಡಿಸಿದ ಕೈಗಳು, ಎರಡರಲ್ಲೂ ತಾಳೆಗರಿ. ಆ ಮುಖದಲ್ಲಿ ಶಾಂತಿಯಿದೆ ಎಂದು ಅಂದಿನ ಬಿಳಿಯರು ನಂಬಿದ್ದರು. ಆದರೆ ಆ ತೋಟದೊಳಗೆ ಭಾರತೀಯರನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ. ಯಾರ ನೆಲವೋ ಅವರೇ ಹೊರಗಿರುವ ಕಡೆ ಎಂಥ ಒಳ್ಳೆಯ ಶಿಲ್ಪವೂ ಬೇಲಿಯ ಭಾಗವಾಗಿಬಿಡುತ್ತದೆ. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಪ್ರತಿಮೆಗೆ ಪೆಟ್ಟು ಬಿತ್ತು. ಆಮೇಲೆ ಅದನ್ನು ಅಲ್ಲಿನ ಚರ್ಚಿನ ಅಂಗಳಕ್ಕೆ ಸಾಗಿಸಿದರು. ಹಳೆಯ ಜಾಗಕ್ಕೆ ಈಗ ನಾನಾರಾವ್ ಪಾರ್ಕ್ ಎಂದು ಹೆಸರು.

ನನ್ನ ಮಟ್ಟಿಗೆ ಮರೊಕೆಟ್ಟಿಯ ಕೈಯ ನಿಜವಾದ ಸೂಕ್ಷ್ಮ ಇರುವುದು ಈ ದೊಡ್ಡ ಸ್ಮಾರಕಗಳಲ್ಲಲ್ಲ, ಐಲ್ ಆಫ್ ವೈಟ್ ದ್ವೀಪದ ಆಸ್ಬೋರ್ನ್ ಅರಮನೆಯ ಸಂಗ್ರಹಕ್ಕೆ ಸೇರಿದ ಒಂದು ಎದೆಮಟ್ಟದ ಪ್ರತಿಮೆಯಲ್ಲಿ. ಅದು ನಮ್ಮ ಕೊಡಗಿನ ಗೌರಮ್ಮನದು.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ಈ ಮನೆತನದ ಕಥೆ ಗೊತ್ತು. 1834ರಲ್ಲಿ ಕಂಪನಿ ಸರ್ಕಾರ ಕೊಡಗಿನ ಕೊನೆಯ ಅರಸನನ್ನು ಇಳಿಸಿ ಕಾಶಿಗೆ ಕಳಿಸಿತು. ಅಲ್ಲೇ 1841ರಲ್ಲಿ ಹುಟ್ಟಿದವಳು ಈ ಮಗಳು. ಅರಸ 1852ರಲ್ಲಿ ಅವಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯಿಂದ ಬರಬೇಕಾದ ಹಣದ ವ್ಯಾಜ್ಯವೂ ಇತ್ತು, ಮಗಳನ್ನು ಕ್ರೈಸ್ತಳಾಗಿ ಬೆಳೆಸುವ ಮಾತೂ ಇತ್ತು. ಅದೇ ವರ್ಷ ಜೂನ್ 30ರಂದು ಬಕಿಂಗ್ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ ನಡೆಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಇನ್ನೂ ಹನ್ನೊಂದು ತುಂಬದ ಹುಡುಗಿ ವಿಕ್ಟೋರಿಯಾ ಗೌರಮ್ಮ ಆದಳು. ಪಂಜಾಬಿನ ದಲೀಪ್ ಸಿಂಗನಿಗೆ ಕೊಟ್ಟು ಮದುವೆ ಮಾಡುವ ರಾಣಿಯ ಲೆಕ್ಕಾಚಾರ ಕೈಗೂಡಲಿಲ್ಲ. ಇಬ್ಬರ ಎದೆಮಟ್ಟದ ಪ್ರತಿಮೆಗಳನ್ನೂ 1850ರ ದಶಕದಲ್ಲಿ ಮಾಡಿದವನು ಮರೊಕೆಟ್ಟಿ.

ಗೌರಮ್ಮನ ಅಮೃತಶಿಲೆಗೆ ಅವನು ಬಣ್ಣ ಹಚ್ಚಿದ. ಅಂದಿನ ಯುರೋಪಿನ ಕಲಾವಲಯದಲ್ಲಿ ಇದು ಸಣ್ಣ ಧೈರ್ಯವಲ್ಲ. ಶಿಲ್ಪವೆಂದರೆ ಅಚ್ಚ ಬಿಳುಪು, ಬಣ್ಣ ಹಚ್ಚಿದರೆ ಜಾತ್ರೆಯ ಮೇಣದ ಗೊಂಬೆ ಎಂಬುದು ಅಕಾಡೆಮಿಯ ಗಟ್ಟಿ ನಂಬಿಕೆ. ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು ಎಂದು ಆಗಷ್ಟೇ ವಿದ್ವಾಂಸರು ವಾದಿಸತೊಡಗಿದ್ದರು. ಜಾನ್ ಗಿಬ್ಸನ್ ಎಂಬ ಶಿಲ್ಪಿ ಬಣ್ಣದ ವೀನಸ್ ಮಾಡಿ ಬೈಸಿಕೊಂಡದ್ದೂ ಇದೇ ಕಾಲ. ಕಿನ್ನಾಳದ ಗೊಂಬೆ ಮನೆಯಲ್ಲಿಟ್ಟುಕೊಂಡ ನಮಗೆ ಇದರಲ್ಲೇನು ಗದ್ದಲ ಎನಿಸಬಹುದು. ಆದರೆ ಗೌರಮ್ಮನ ವಿಷಯದಲ್ಲಿ ಬಣ್ಣಕ್ಕೆ ಇನ್ನೊಂದು ಅರ್ಥವಿತ್ತು. ಬಿಳಿ ಕಲ್ಲಿನಲ್ಲೇ ಬಿಟ್ಟಿದ್ದರೆ ಅವಳೂ ಲಂಡನ್ನಿನ ಇನ್ನೊಬ್ಬ ದೊಡ್ಡ ಮನೆಯ ಹುಡುಗಿಯಂತೆ ಕಾಣುತ್ತಿದ್ದಳು. ಹೆಸರು ಬದಲಾಯಿತು, ದೇವರು ಬದಲಾಯಿತು, ಮಾತು ಬದಲಾಯಿತು. ಮೈಬಣ್ಣವನ್ನು ಶಿಲ್ಪಿ ಹಾಗೇ ಉಳಿಸಿದ. ಇದು ಪರದೇಶದ ಅಪರೂಪದ ವಸ್ತುವನ್ನು ನೋಡುವ ಅರಮನೆಯ ಕುತೂಹಲವೂ ಇರಬಹುದು. ಎರಡೂ ಸೇರಿಯೇ ಇರಬೇಕು.

1860ರಲ್ಲಿ ಅವಳು ತನಗಿಂತ ತುಂಬ ದೊಡ್ಡವನಾದ ಕ್ಯಾಂಪ್ಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾದಳು, ಒಂದು ಹೆಣ್ಣು ಮಗುವಾಯಿತು. 1864ರಲ್ಲಿ, ಇಪ್ಪತ್ಮೂರು ತುಂಬುವ ಮೊದಲೇ, ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕೊಡಗನ್ನು ಒಮ್ಮೆಯೂ ನೋಡಲಿಲ್ಲ.

ಗೌರಮ್ಮನ ಅಪ್ಪ ರಾಜ್ಯ ಕಳೆದುಕೊಂಡ ವರ್ಷವೇ, 1834ರಲ್ಲಿ, ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆದ. ಇಪ್ಪತ್ತೇಳು ವರ್ಷ ಅದೇ ಕುರ್ಚಿಯಲ್ಲಿದ್ದ, ಕುದುರೆಗಳೆಂದರೆ ಪ್ರಾಣ. 1861ರಲ್ಲಿ ಎಂಬತ್ತರ ಮೇಲಿನ ವಯಸ್ಸಿನಲ್ಲಿ ಊರಿಗೆ ಹೊರಟವನು ಸೂಯೆಜ್‌ನಲ್ಲೇ ಸತ್ತ. ಜನರ ಚಂದಾ ಹಣದಲ್ಲಿ ಪ್ರತಿಮೆ ಮಾಡಿಸುವ ಕೆಲಸ ಲಂಡನ್ನಿನ ಮರೊಕೆಟ್ಟಿಗೆ ಹೋಯಿತು. ಶಿಲ್ಪಿ ಬೆಂಗಳೂರು ನೋಡಿದವನಲ್ಲ, ಕಬ್ಬನ್ ಇಂಗ್ಲೆಂಡಿನ ತನಕ ತಲುಪಲೇ ಇಲ್ಲ. ಅಕಾಡೆಮಿಯ ಶಿಕ್ಷಣ ಉಪಯೋಗಕ್ಕೆ ಬರುವುದೇ ಇಂಥಲ್ಲಿ. ಮುಖಕ್ಕೆ ಯಾವುದೋ ಭಾವಚಿತ್ರ, ಉಡುಪಿಗೆ ಮದ್ರಾಸ್ ಸೈನ್ಯದ ಸಮವಸ್ತ್ರ, ಉಳಿದ ಮೈಕಟ್ಟು, ಕೂತ ಭಂಗಿ, ಜೀನಿನ ಮೇಲೆ ಇಳಿದ ಭಾರ ಎಲ್ಲವೂ ಕೈಯ ನೆನಪು. 1866ರ ಮಾರ್ಚ್‌ನಲ್ಲಿ ಪ್ರತಿಮೆ ಅನಾವರಣಗೊಂಡಾಗ ಅಠಾರ ಕಚೇರಿ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡ, ಇನ್ನೂ ಕಟ್ಟಿ ಮುಗಿದಿರಲಿಲ್ಲ. ಮೊದಲು ಪರೇಡ್ ಮೈದಾನದಲ್ಲಿದ್ದದ್ದು ಆಮೇಲೆ ಕಚೇರಿಯ ಮುಂದಕ್ಕೆ ಬಂತು. ಅಂದರೆ 2020ರದ್ದು ಈ ಕುದುರೆಯ ಮೊದಲ ಪ್ರಯಾಣವಲ್ಲ.

ಮರೊಕೆಟ್ಟಿಯ ಕೊನೆಯ ವರ್ಷಗಳನ್ನೆಲ್ಲ ತಿಂದುಹಾಕಿದ್ದು ಆಲ್ಬರ್ಟ್. 1861ರ ಡಿಸೆಂಬರಿನಲ್ಲಿ ಅವನು ಸತ್ತಾಗ ರಾಣಿ ಫ್ರಾಗ್ಮೋರಿನ ಸಮಾಧಿಗೆ ಗಂಡನ ಮಲಗಿದ ಪ್ರತಿಮೆಯ ಜೊತೆ ತನ್ನದನ್ನೂ ಆಗಲೇ ಮಾಡಿಸಿದಳು. ಅವಳಿಗೆ ಆಗ ನಲವತ್ತೆರಡು. ಗಂಡನ ಪ್ರತಿಮೆ ಸಮಾಧಿ ಸೇರಿತು, ತನ್ನದನ್ನು ಎತ್ತಿಡಲಾಯಿತು. ಅವಳು ಸಾಯುವಾಗ ಎಂಬತ್ತೊಂದಾಗಿತ್ತು, ಆ ಪ್ರತಿಮೆ ಎಲ್ಲಿದೆಯೆಂದೇ ಯಾರಿಗೂ ನೆನಪಿರಲಿಲ್ಲ. ಹುಡುಕಾಡಿದ ಮೇಲೆ ವಿಂಡ್ಸರ್ ಕೋಟೆಯಲ್ಲಿ ಗೋಡೆ ಕಟ್ಟಿ ಮುಚ್ಚಿದ ಜಾಗದಲ್ಲಿ ಸಿಕ್ಕಿತು. ಹೀಗೆ ಮುದಿ ರಾಣಿಯ ಮೇಲೆ ಅವಳದೇ ನಡುವಯಸ್ಸು ಮಲಗಿದೆ.

ಈ ಪ್ರತಿಮೆಗಳು ರಾಣಿಗೆ ಮೆಚ್ಚಿಗೆಯಾದವು. ಕೆನ್ಸಿಂಗ್ಟನ್ನಿನ ಆಲ್ಬರ್ಟ್ ಸ್ಮಾರಕದಲ್ಲಿ ಹಾಗಾಗಲಿಲ್ಲ. ಗೋಪುರದ ನಡುವೆ ಕೂರಬೇಕಿದ್ದ ಆಲ್ಬರ್ಟನನ್ನು ಇವನಿಗೇ ವಹಿಸಿದ್ದರು. ಕುದುರೆಯಿಲ್ಲ, ಕತ್ತಿಯಿಲ್ಲ, ಬರೀ ಕುರ್ಚಿಯ ಮೇಲೆ ಕೂತ ಮನುಷ್ಯ. ಮಾಡಿದ ಮಾದರಿಯನ್ನು ಒಪ್ಪಲಿಲ್ಲ. ಮತ್ತೆ ತಿದ್ದಿ ಮಾಡಲು ಕೂತವನು 1867ರ ಡಿಸೆಂಬರ್ ಕೊನೆಯಲ್ಲಿ, ಪ್ಯಾರಿಸ್ಸಿನ ಪಾಸಿಯಲ್ಲಿದ್ದಾಗ, ಇದ್ದಕ್ಕಿದ್ದಂತೆ ತೀರಿಕೊಂಡ. ರಾಯಲ್ ಅಕಾಡೆಮಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಮಾಡಿಕೊಂಡು ಆಗ ಒಂದು ವರ್ಷವಷ್ಟೇ ಆಗಿತ್ತು.

ಕೆಲಸ ಜಾನ್ ಫೋಲಿ ಎಂಬ ಐರಿಷ್ ಶಿಲ್ಪಿಗೆ ಹೋಯಿತು. 1874ರಲ್ಲಿ ಅವನೂ ಸತ್ತ. ಅರ್ಧಕ್ಕೆ ನಿಂತ ಆಲ್ಬರ್ಟನನ್ನು ಪೂರೈಸಿದವನು ಫೋಲಿಯ ಸ್ಟುಡಿಯೊದಲ್ಲಿ ಬೆಳೆದ ಥಾಮಸ್ ಬ್ರಾಕ್. ಈ ಬ್ರಾಕ್ ಮುಂದೆ ಮಾಡಿದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯೊಂದು 1906ರಲ್ಲಿ ಬೆಂಗಳೂರಿಗೆ ಬಂತು, ಕಸ್ತೂರಬಾ ರಸ್ತೆಯ ತುದಿಯಲ್ಲಿ ಈಗಲೂ ಇದೆ. ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಕಬ್ಬನ್ ಕುದುರೆಯ ಬಳಿ ಸ್ವಲ್ಪ ಹೊತ್ತು ನಿಂತೆ. ವಾಕಿಂಗ್ ಬಂದವರೊಬ್ಬರು ಪೀಠಕ್ಕೆ ಕಾಲು ಕೊಟ್ಟು ಶೂ ಲೇಸು ಕಟ್ಟಿಕೊಂಡು ಹೋದರು. ಆಮೇಲೆ ಮರಗಳ ಕೆಳಗೆ ನಡೆದು ರಾಣಿಯ ಪ್ರತಿಮೆಯ ತನಕ ಹೋದೆ. ಮರೊಕೆಟ್ಟಿಯ ಕೈಯಿಂದ ಜಾರಿದ ಕೆಲಸ ಬ್ರಾಕ್‌ನ ಕೈ ಸೇರಲು ಏಳು ವರ್ಷ ಹಿಡಿಯಿತು. ಇಲ್ಲಿ ಒಬ್ಬನಿಂದ ಇನ್ನೊಬ್ಬನ ಬಳಿಗೆ ಹೋಗಲು, ದಾರಿಯಲ್ಲಿ ಒಂದು ಕಪ್ ಕಾಫಿ ಕುಡಿದರೂ, ಅರ್ಧ ಗಂಟೆ ಬೇಡ.